ಮೂರು ಗಂಟೆಯ ಅಲರ್ಟ್

ಹಳೆಯ ಸರ್ವರನ್ನು ಶಾಶ್ವತವಾಗಿ ನಿಲ್ಲಿಸುವ ದಿನ ಅವಳನ್ನು ಕರೆಸಿದವರು ದೊಡ್ಡಪ್ಪ. ಅವರು ನಿಜಕ್ಕೂ ಯಾರಿಗೂ ದೊಡ್ಡಪ್ಪನಲ್ಲ. ಆ ಔಷಧ ವಿತರಣಾ ಕಂಪನಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ಎಲ್ಲರನ್ನೂ ಮನಸಾರೆ ಬೈದು, ಬೈದವರಿಗೆಲ್ಲ ಕಾಫಿ ಕೊಡಿಸುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು.

"ಆ ಡೇಟಾಬೇಸನ್ನು ಸಾಕಿ ಬೆಳೆಸಿದವಳು ನೀನು. ಕಳಿಸಿಕೊಡೋಕೂ ನೀನೇ ಬರ್ಬೇಕು," ಎಂದು ಫೋನಿನಲ್ಲಿ ಹೇಳಿದ್ದರು. ಇನ್ನೊಬ್ಬನನ್ನೂ ಕರೆದಿದ್ದೇನೆ ಎಂಬುದನ್ನು ಮಾತ್ರ ನುಂಗಿಕೊಂಡಿದ್ದರು.

ಅವನು ಸರ್ವರ್ ಕೋಣೆಯ ಗಾಜಿನ ಬಾಗಿಲ ಬಳಿ ನಿಂತಿದ್ದ. ಕಿವಿಯ ಮೇಲೆ ಅಷ್ಟಿಷ್ಟು ನರೆ ಇಣುಕಿತ್ತು. ಅಂಗಿಯ ತೋಳುಗಳನ್ನು ಮೊದಲಿನಂತೆಯೇ ಒಂದನ್ನು ಮೊಣಕೈವರೆಗೆ, ಇನ್ನೊಂದನ್ನು ಅರ್ಧಕ್ಕೆ ಮಡಚಿಕೊಂಡಿದ್ದ. ಅವನ್ನು ಸಮ ಮಾಡಬೇಕೆಂದು ಒಂದು ಕಾಲದಲ್ಲಿ ಅವಳ ಬೆರಳುಗಳು ಪ್ರತಿದಿನ ತುಡಿಯುತ್ತಿದ್ದವು. ಈಗಲೂ ತುಡಿದವು. ಅವಳು ಬೆರಳುಗಳನ್ನು ಚೀಲದ ಪಟ್ಟಿಗೆ ಬಿಗಿಯಾಗಿ ಸುತ್ತಿಕೊಂಡಳು.

"ಹೇಗಿದ್ದೀರಿ ನಿಧಾನಪ್ಪ?"

"ನಿಧಾನವಾಗಿ ಚೆನ್ನಾಗಿದ್ದೀನಿ," ಎಂದ ಅವನು. ನಗು ಮೊದಲು ಕಣ್ಣಿಗೆ ಬಂದು, ಬಹಳ ಹೊತ್ತಿನ ಮೇಲೆ ತುಟಿಗೆ ಇಳಿಯಿತು. ಅದೂ ಮೊದಲಿನಂತೆಯೇ.

ಆ ಹೆಸರನ್ನು ಇಟ್ಟವಳು ಅವಳೇ, ವರ್ಷಗಳ ಹಿಂದೆ, ಪರಿಚಯವಾದ ದಿನವೇ. ಅವಳು ಮೇಲಿನ ಮಹಡಿಯಲ್ಲಿ ಡೇಟಾಬೇಸ್ ಕಾಯುತ್ತಿದ್ದಳು. ಅವನು ಕೆಳಗಿನ ಮಹಡಿಯಲ್ಲಿ ಗೋದಾಮಿನ ಆರ್ಡರ್‌ಗಳ ಪ್ರೋಗ್ರಾಂ ಬರೆಯುತ್ತಿದ್ದ. ಒಂದು ವಾರದಿಂದ, ಆರ್ಡರ್‌ಗಳು ಮುಗಿಬೀಳುವ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಸರಿಯಾಗಿ, ಅವಳ ಪರದೆಯ ಮೇಲೆ ಕೆಂಪು ಪಟ್ಟಿ ಏಳುತ್ತಿತ್ತು: ಲಾಗ್ ಬಫರ್‌ನಲ್ಲಿ ಕಾಯುವಿಕೆ ಮಿತಿ ಮೀರಿದೆ. ಡಿಸ್ಕ್ ಸೇರಬೇಕಾದ ಸಾಲುಗಳು ಸರದಿಯಲ್ಲಿ ಸಿಕ್ಕಿಕೊಂಡಿವೆ ಎಂಬ ಅಲರ್ಟ್ ಅದು. ಕೊನೆಗೆ ಮೆಟ್ಟಿಲಿಳಿದು ಅವನ ಮೇಜಿನ ಮುಂದೆ ನಿಂತಳು.

"ಈ ಪ್ರೋಗ್ರಾಂ ಬರೆದ ಮಹಾನುಭಾವರು ತಾವೇನಾ?"

"ಮಹಾನುಭಾವ ಅಲ್ಲ. ಬರೆದಿದ್ದು ಹೌದು."

"ಒಂದೊಂದು ಸಾಲು ಬರೆದಾಗಲೂ ಡಿಸ್ಕ್‌ಗೆ ಓಡುತ್ತೆ ನಿಮ್ಮ ಪ್ರೋಗ್ರಾಂ. ಒಂದು ಲೋಟ ತೊಳೆದು, ಕಪಾಟಿನಲ್ಲಿಟ್ಟು ಬಂದು, ಆಮೇಲೆ ಇನ್ನೊಂದು ಲೋಟ ತೊಳೆಯೋರನ್ನ ನೋಡಿದ್ದೀರಾ?"

"ಬಫರ್ ಅಂದ್ರೆ ತೊಳೆದ ಲೋಟ ಇಡೋ ತಟ್ಟೆ ತಾನೆ? ತಟ್ಟೇನೇ ದೊಡ್ಡದು ಮಾಡಿಬಿಡಿ."

"ತಟ್ಟೆ ದೊಡ್ಡದಾದ್ರೆ ಕಪಾಟು ಹತ್ತಿರ ಬರುತ್ತಾ?"

ಅವನು ಬಹಳ ಹೊತ್ತು ಯೋಚಿಸಿದ. ಅಷ್ಟು ಹೊತ್ತೂ ಅವಳ ಮುಖವನ್ನೇ ನೋಡುತ್ತಿದ್ದ. "ಬರಲ್ಲ," ಎಂದ ಕೊನೆಗೆ.

"ಅಬ್ಬಾ! ಎಷ್ಟು ನಿಧಾನಪ್ಪ ನೀವು!"

ಮೂರು ಮಧ್ಯಾಹ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಅವಳು ತಿದ್ದಿಸಿದಳು. ಸಾಲುಗಳನ್ನು ಕಟ್ಟುಕಟ್ಟಾಗಿ ಕೂಡಿಸಿ ಒಮ್ಮೆಲೇ ಉಳಿಸುವುದು ಅವನಿಗೆ ಒಗ್ಗಿತು. ಕಾಯುವಿಕೆಯ ಗ್ರಾಫ್ ನೆಲಕ್ಕೆ ಇಳಿಯಿತು, ಕೆಂಪು ಪಟ್ಟಿ ಮಾಯವಾಯಿತು. ಎರಡು ವಿಭಾಗದವರೂ ಮೆಚ್ಚಿಕೊಂಡರು. ಮರುದಿನ ಮೂರು ಗಂಟೆಗೆ ಮಾತ್ರ ಅವಳು, ಇಳಿಯಲು ಕಾರಣವಿಲ್ಲದೆ, ಮೆಟ್ಟಿಲ ಮೇಲುತುದಿಯಲ್ಲಿ ಸುಮ್ಮನೆ ನಿಂತಿದ್ದಳು.

ಅಳತೆಗಳ ವಿಷಯದಲ್ಲಿ ಅವಳು ಎಂದೂ ಸುಳ್ಳಾಡಿದವಳಲ್ಲ. ಅಂದು ಮೊದಲ ಬಾರಿಗೆ, ಅಲರ್ಟ್‌ನ ಮಿತಿಯನ್ನು, ಕೊಂಚ ಕಾಯುವಿಕೆಗೂ ಕೂಗುವಷ್ಟು, ಅತಿ ಕೆಳಕ್ಕೆ ಇಳಿಸಿದಳು. ಮರುದಿನ ಮೂರಕ್ಕೆ ಕೆಂಪು ಪಟ್ಟಿ ವಿಧೇಯವಾಗಿ ಎದ್ದಿತು.

"ಮತ್ತೆ ಬಂತಾ?" ಎಂದು ಕೇಳಿದ ಅವನು, ಅವಳಿಗಾಗಿ ಕುರ್ಚಿಯನ್ನು ಆಗಲೇ ಎಳೆದಿಟ್ಟು.

"ಮತ್ತೆ ಬಂತು ನೋಡಿ. ಏನು ಕರ್ಮವೋ!"

ಹಾಗೆ ಒಂದು ಚಳಿಗಾಲವೂ ಒಂದು ಬೇಸಿಗೆಯೂ ಕಳೆದವು. ಗ್ರಾಫ್ ನೋಡುವ ನೆಪದಲ್ಲಿ ಎರಡು ತಲೆಗಳು ಒಂದೇ ಪರದೆಗೆ ಬಾಗುತ್ತಿದ್ದವು. ಅವನು ಪೆನ್ಸಿಲ್ ಕೆತ್ತಿ ಅವಳ ಕಡೆಗೆ ಸರಿಸುತ್ತಿದ್ದ. ಅವಳು ಅದನ್ನು ಬೇಕೆಂದೇ ಅಲ್ಲೇ ಮರೆತು ಹೋಗುತ್ತಿದ್ದಳು. ಹೇಳಬೇಕಾದದ್ದನ್ನು ಇಬ್ಬರೂ ಹೇಳಲಿಲ್ಲ. ನಾಳೆ ಮೂರು ಗಂಟೆ ಇದ್ದೇ ಇದೆಯಲ್ಲ ಎಂಬ ಧೈರ್ಯ.

ಒಂದು ಸೋಮವಾರ ಅಲರ್ಟ್ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಮಿತಿ ಅಷ್ಟು ಕೆಳಗಿದ್ದರೂ ಗ್ರಾಫ್ ಅದನ್ನು ಮುಟ್ಟಲಿಲ್ಲ. ಅವನು ಎಲ್ಲವನ್ನೂ ಕಂಡುಹಿಡಿದು, ಅವಳು ಬರುವ ದಾರಿಯನ್ನು ಮರ್ಯಾದೆಯಿಂದ ಮುಚ್ಚಿದ್ದಾನೆ ಎಂದುಕೊಂಡಳು. ಆ ಊಹೆ ಎಷ್ಟು ತರ್ಕಬದ್ಧವಾಗಿ ಕಂಡಿತೆಂದರೆ, ಮೆಟ್ಟಿಲಿಳಿದು ಪರೀಕ್ಷಿಸಬೇಕೆಂದೂ ತೋಚಲಿಲ್ಲ. ವಾರ ಮುಗಿಯುವುದರೊಳಗೆ ದೂರದ ಶಾಖೆಗೆ ವರ್ಗ ಕೇಳಿದಳು, ಸಿಕ್ಕಿತು.

"ಏ, ಇಲ್ಲಿ ಬಾರಮ್ಮ," ಈಗ ಸರ್ವರ್ ಕೋಣೆಯೊಳಗಿಂದ ದೊಡ್ಡಪ್ಪ ಕರೆದರು. ಹಳೆಯ ಸರ್ವರಿನ ಸೆಟ್ಟಿಂಗ್‌ಗಳು ಪರದೆಯ ಮೇಲಿದ್ದವು. "ಲಾಗ್ ಬಫರ್ ಅಲರ್ಟ್‌ನ ಮಿತಿ ಇಷ್ಟು ಕೆಳಗೆ ಯಾಕಿದೆ? ಇಲಿ ಸೀನಿದ್ರೂ ಬಾಯಿ ಬಡ್ಕೊಳ್ಳುತ್ತಲ್ಲ ಇದು! ಹೊಸ ಸಿಸ್ಟಮ್‌ಗೆ ಒಯ್ಯಬೇಕಾ, ಬೇಡ್ವಾ?"

ಅವಳ ಕಿವಿ ಬಿಸಿಯಾಯಿತು. "ನಾನೇ ಇಳಿಸಿದ್ದು," ಎಂದಳು.

"ಯಾವ ಖುಷಿಗೆ?"

ಅವಳು ನೆಲ ನೋಡಿದಳು. ಉತ್ತರ ಬಂದದ್ದು ಬಾಗಿಲ ಕಡೆಯಿಂದ.

"ಇಳಿಸಿದ್ದು ನನಗೆ ಗೊತ್ತಿತ್ತು. ಆದರೆ ಮೇಡಂ, ಎಷ್ಟೇ ಕೆಳಗಿದ್ರೂ ಅದನ್ನ ಮುಟ್ಟೋಕೆ ಏನಾದ್ರೂ ಬೇಕಲ್ಲ? ನನ್ನ ಪ್ರೋಗ್ರಾಂ ಸರಿಹೋದ ಮೇಲೆ ಮೂರು ಗಂಟೆಗೆ ಆ ಡಿಸ್ಕ್ ಗೊರಕೆ ಹೊಡೀತಿತ್ತು."

ಅವಳು ತಲೆಯೆತ್ತಿದಳು.

"ಹಳೇ ಆರ್ಡರ್‌ಗಳನ್ನ ನಕಲು ಮಾಡೋ ಕೆಲಸ ಬೆಳಗಿನ ಜಾವ ನಡೀತಿತ್ತು. ಅದನ್ನ ಮೂರು ಗಂಟೆಗೆ ತಂದಿಟ್ಟವನು ನಾನು. ಒಂದೊಂದೇ ಲೋಟ ತೊಳೆಯೋ ಹಾಗೆ."

"ಮತ್ತೆ ಆ ಸೋಮವಾರ ಯಾಕೆ ನಿಲ್ಲಿಸಿದ್ರಿ?" ಎಂದಳು. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆ ಸಣ್ಣ ದನಿಯಲ್ಲಿ ಹೊರಬಿತ್ತು.

"ನಾನು ನಿಲ್ಲಿಸಲಿಲ್ಲ. ಅಮ್ಮನ ಆಪರೇಷನ್ ಇತ್ತು, ತಿಂಗಳು ರಜೆ ಹಾಕಿದ್ದೆ. ಬಂದು ನೋಡಿದ್ರೆ ನಿಮ್ಮ ಕುರ್ಚಿ ಖಾಲಿ. ಬೇಜಾರಾಗಿ ಹೋಗಿದ್ದೀರಿ ಅಂದ್ಕೊಂಡೆ."

ದೊಡ್ಡಪ್ಪ ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು.

"ಇವನು ರಜೆಯಲ್ಲಿದ್ದಾಗ ಆ ನಕಲು ಕೆಲಸಾನ ಮತ್ತೆ ಬೆಳಗಿನ ಜಾವಕ್ಕೆ ಸರಿಸಿದ್ದು ನಾನೇ ಕಣ್ರಪ್ಪ. ಕೆಲಸದ ಹೊತ್ತಿನಲ್ಲಿ ಮೆಷಿನ್‌ಗೆ ಯಾಕೆ ಭಾರ ಅಂತ... ನನಗೇನು ಕನಸು ಬಿದ್ದಿತ್ತಾ? ಅಲ್ರೋ, ಇಬ್ಬರ ಹತ್ತಿರವೂ ಫೋನ್ ಇತ್ತು ತಾನೆ?"

"ಫೋನ್ ಮಾಡಿ ಏನಂತ ಕೇಳೋದು?" ಅವಳೆಂದಳು. "ಅಲರ್ಟ್ ಯಾಕೆ ಬರಲಿಲ್ಲ ಅಂತಲಾ?"

ಮೂವರೂ ನಕ್ಕರು. ಅವಳ ನಗು ಮಾತ್ರ ನಡುವೆ ಒದ್ದೆಯಾಯಿತು.

"ಸರಿ, ಈಗಲಾದ್ರೂ ಹೇಳು. ಒಯ್ಯಬೇಕಾ, ಬೇಡ್ವಾ?"

"ಬೇಡ," ಎಂದಳು. ಅವನ ಮುಖ ಬಾಡಿದ್ದನ್ನು ಕಣ್ಣಂಚಿನಲ್ಲೇ ಗಮನಿಸಿದಳು.

ದೊಡ್ಡಪ್ಪ ಗುಂಡಿ ಒತ್ತಿದರು. ಫ್ಯಾನುಗಳ ಮೊರೆತ ತಗ್ಗುತ್ತ ತಗ್ಗುತ್ತ ನಿಂತೇಹೋಯಿತು. "ಕಾಫಿ ಹೇಳಿ ಬರ್ತೀನಿ," ಎಂದು ಅವರು ಹೊರನಡೆದರು.

ಕೋಣೆಯಲ್ಲಿ ಅವಳು ಎಂದೂ ಕೇಳಿರದಷ್ಟು ಮೌನ ತುಂಬಿತು. ಈ ಸಲ ಅವಳು ಅದಕ್ಕೆ ತಾನೇ ಅರ್ಥ ಕಟ್ಟಲಿಲ್ಲ, ಕೇಳಿಯೇಬಿಟ್ಟಳು.

"ನಿಮಗೆ ಮದುವೆ ಆಗಿದೆಯಾ?"

"ಇಲ್ಲ."

"ಯಾಕೆ?"

ಅವನು ಬಹಳ ಹೊತ್ತು ಯೋಚಿಸಿದ, ಅವಳ ಮುಖವನ್ನೇ ನೋಡುತ್ತ. "ಆಮೇಲೆ ಯಾರೂ ಮೆಟ್ಟಿಲಿಳಿದು ಬಂದು ಬೈಯಲಿಲ್ಲ."

"ನೀವು ಒಂದು ಸಲ ಹತ್ತಿ ಬರಬಹುದಿತ್ತು."

"ಹೌದು. ಅದು ತುಂಬಾ ತಡವಾಗಿ ಹೊಳೀತು."

"ನಿಧಾನಪ್ಪ," ಎಂದಳು ಅವಳು, ಚೀಲವನ್ನು ಕೆಳಗಿಟ್ಟು. "ಅಲರ್ಟ್ ಬೇಡ ಅಂದಿದ್ದು, ಇನ್ಮೇಲೆ ಅದಿಲ್ಲದೇ ಬರ್ತೀನಿ ಅಂತ. ಬರಲಾ?"

ಈ ಪ್ರಶ್ನೆಗೆ ಮಾತ್ರ ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಬಾ," ಎಂದ.

ಅವಳು ಹತ್ತಿರ ಬಂದು, ಅರ್ಧಕ್ಕೆ ನಿಂತಿದ್ದ ಆ ಅಂಗಿತೋಳನ್ನು ಹಿಡಿದು, ಒಂದೊಂದೇ ಮಡಿಕೆಯಾಗಿ, ಇನ್ನೊಂದರ ಸಮಕ್ಕೆ ಮಡಚತೊಡಗಿದಳು.