ಗುರುಶಾಂತನ ಗಿಟಾರ್

ಎಲ್ಲೋ ಹಳೆಯ ಗಿಟಾರ್ ಇದೆ ಅಂದರೆ ಸಾಕು, ನಾನು ಬೈಕ್ ಹತ್ತಿಬಿಡುತ್ತೇನೆ. ಹೋದ ವರ್ಷ ದಾಳಿಂಬ ಊರಿನ ವಿದ್ಯಾವತಿ ಅಕ್ಕನ ಮನೆಗೆ ಹೋಗಿದ್ದೂ ಹಾಗೇ, ಮಟಮಟ ಮಧ್ಯಾಹ್ನ. ಗಿಟಾರ್ ಅವರ ಅಣ್ಣ ಗುರುಶಾಂತನದು. ಸೋಮವಾರದ ಭಜನೆಯಲ್ಲಿ ತಂಗಿ ಹಾಡಿದರೆ ಅವನು ನುಡಿಸುತ್ತಿದ್ದನಂತೆ. ೧೯೯೩ರ ಭೂಕಂಪದಲ್ಲಿ ತೀರಿಕೊಂಡ.

"ಐವತ್ತು ಸಾವಿರ ಕೊಡ್ತೀನ್ರೀ ಅಕ್ಕಾ."

"ಲಾಖ ಕೊಟ್ರೂ ಮಾರಂಗಿಲ್ಲ ತಮ್ಮಾ. ಕೂಡು, ಚಾ ಮಾಡ್ತೀನಿ."

ಅಕ್ಕ ಒಳಗೆ ಹೋದಾಗ ಮೀಟಿ ನೋಡಿದೆ. ಆರೂ ತಂತಿ ತೀರಾ ಸಡಿಲ. ಕೈ ತಡೆಯಲಿಲ್ಲ, ಬಿಗಿದು ಶ್ರುತಿ ಮಾಡಿ ಗೋಡೆಗೆ ಒರಗಿಸಿದೆ. ಚಹಾ ಕುಡಿದು ಮತ್ತೆ ಮೀಟಿದರೆ ಆರೂ ಮೊದಲಿನಷ್ಟೇ ಸಡಿಲ!

ಅಕ್ಕ ನಕ್ಕರು. "ಬಿಗಿ ಮಾಡ್ದೇನೋ ಹುಚ್ಚಾ? ನನ್ನ ದನಿ ಈಗ ಮ್ಯಾಲ ಏರಂಗಿಲ್ಲ ಅಂತ ಅಣ್ಣಾ ಇಳಿಸಿ ಇಟ್ಟಾನ."

ನಾನು ದುಡ್ಡಿನ ಮಾತು ಬಿಟ್ಟೆ. "ಒಂದು ಹಾಡ್ರೀ ಅಕ್ಕಾ," ಅಂದೆ.

ಅಕ್ಕ ಕಣ್ಣು ಮುಚ್ಚಿ ತಗ್ಗಿನ ದನಿಯಲ್ಲಿ ಹಾಡಿದರು. ಗಿಟಾರ್ ನನ್ನ ತೊಡೆಯ ಮೇಲಿತ್ತು. ನನ್ನ ಎರಡೂ ಕೈ ನೆಲದ ಮೇಲಿದ್ದವು. ಹಾಡಿನ ಜೊತೆ ತಂತಿಗಳು ಬೆರಳಿಟ್ಟ ಹಾಗೆ ಒಂದೊಂದಾಗಿ ಗಿಟಾರಿನ ಕತ್ತಿನ ಮರಕ್ಕೆ ಒತ್ತಿಕೊಳ್ಳುತ್ತಾ, ಮೇಲೇಳುತ್ತಾ ಇದ್ದವು. ಹಾಡು ಮುಗಿದ ಮೇಲೂ ಒಂದು ತಂತಿ ಬಹಳ ಹೊತ್ತು ಒತ್ತಿಕೊಂಡೇ ಇತ್ತು.