ಕರಿಗಣ್ಣಿಯ ಗುರುತು

ಆ ಬಿಳಿಯ ಗೆರೆ ಕೂದಲೆಳೆಗಿಂತ ದಪ್ಪವಿರಲಿಲ್ಲ. ಆದರೂ 1983ರಲ್ಲಿ, ರಾಯಚೂರಿನ ಎರಡು ಕೋಣೆಯ ಪ್ರಯೋಗಾಲಯದಲ್ಲಿ ಅದನ್ನು ಮೂಡಿಸಿದವನು ಪೋತ್ನಾಳದ ಸುಂಕಪ್ಪನಾದ ನಾನು ಎಂದು ಹೇಳಿಕೊಳ್ಳಲು ನನಗೆ ಇಂದಿಗೂ ಸಂಕೋಚವಿಲ್ಲ. ಅದರಲ್ಲಿ ಅರ್ಧ ಪಾಲು ಇನ್ನೊಬ್ಬರದೆಂದು ಒಪ್ಪಿಕೊಳ್ಳುವುದೇ ಕಷ್ಟವಾಯಿತು.

ರೋಗಾಣು ಮೈಹೊಕ್ಕೊಡನೆ ರಕ್ಷಕ ಕಣಗಳನ್ನು ಕೂಗಿ ಕರೆಯುವ ಪ್ರೋಟೀನೊಂದು ನಮ್ಮ ರಕ್ತದಲ್ಲಿದೆ, ಹೆಸರು ಸಿ-3. ಅದನ್ನೇ ಹುಡುಕಿ ಹಿಡಿಯುವ ಆಂಟಿಬಾಡಿ ನಮಗೆ ಬೇಕಿತ್ತು. ಕುರಿಗೆ ಸಿ-3 ಚುಚ್ಚಿದರೆ ಅದರ ರಕ್ತದಲ್ಲಿ ಅಂಥದು ಹುಟ್ಟುತ್ತದೆ. ಆ ರಕ್ತದ ತಿಳಿಯನ್ನು ಗಾಜಿನ ತಟ್ಟೆಯಲ್ಲಿ ಸಿ-3ರ ಎದುರಿಗಿಟ್ಟರೆ, ಎರಡೂ ಸಂಧಿಸಿದಲ್ಲಿ ಬಿಳಿ ಗೆರೆ ಮೂಡಬೇಕು.

ಜಾಲಹಳ್ಳಿಯ ಪರಮಣ್ಣನ ಹಿಂಡಿನಲ್ಲಿ ಒಂದು ಕುರಿಗೆ ಮೂರು ತಿಂಗಳು ಚುಚ್ಚಿ, ಬೆನ್ನಿಗೆ ಕೆಂಪು ಬಣ್ಣ ಬಳಿದು ಬಿಟ್ಟಿದ್ದೆ. ಕಾಯುತ್ತಿದ್ದವಳು ಆತನ ಮಗಳು ಬೂದೆಮ್ಮ. ಅವಳ ಓರೆನೋಟಕ್ಕಾಗಿ, ಬಸ್ಸಿನ ಗಾಳಿಗೆ ಕ್ರಾಪು ಕೆಡದಂತೆ ತಲೆಗೆ ಕರವಸ್ತ್ರ ಕಟ್ಟಿಕೊಂಡು ಹೋಗುತ್ತಿದ್ದೆ.

ರಕ್ತ ತಂದು ಪರೀಕ್ಷಿಸಿದೆ. ಗೆರೆ ಮೂಡಲಿಲ್ಲ. ಇನ್ನೊಮ್ಮೆ ತಪ್ಪಿದರೆ ಕೆಲಸ ನಿಲ್ಲಿಸಿರೆಂದರು ಮೇಲಿನವರು. ಸಂಶಯ ಬೂದೆಮ್ಮನ ಮೇಲೆ ಹೋಯಿತು. ನಾನು ರಕ್ತ ತೆಗೆಯುವಾಗ ಅವಳು ಸೆರಗಿನ ಮರೆಯಲ್ಲಿ ನಕ್ಕಿದ್ದೇಕೆ? ಮತ್ತೆ ಜಾಲಹಳ್ಳಿಗೆ ಹೋದೆ.

“ಖರೇ ಹೇಳು, ಕುರಿ ಬದಲಿ ಮಾಡೀಯೇನು?”

ಅವಳ ಕಣ್ಣಿನ ನಗೆ ಆರಿತು. “ನಾ ಕಳ್ಳೇನ್ರಿ? ನನಗೂ ನಿಮ್ಮ ಮ್ಯಾಲ ಸಂಶೇ ಅದ. ಬಾಟ್ಲಿ ತುಂಬ ರಕ್ತ ಒಯ್ದು ಎಲ್ಲಿ ಮಾರತೀರಿ?”

“ಬಣ್ಣ ಹಚ್ಚಿದ ಕುರಿ ಇದ ಅಲ್ಲೇನು?”

“ಉಣ್ಣೆ ಕತ್ತರಸೂ ಮುಂದ ಹಳ್ಳದಾಗ ಕುರಿ ತೊಳಿಸಿದ್ವಿ. ನಿಮ್ಮ ಬಣ್ಣ ನೀರಿಗೆ ಹೋತು. ಮರುದಿನ ಬಂದು, ಯಾರನ್ನೂ ಕೇಳದ, ಇದಕ್ಕ ಬಣ್ಣ ಬಳದವರು ಯಾರು?”

ನಾನೇ. ಓದಿದವನು ಕುರಿ ಕಾಯುವವಳನ್ನು ಕೇಳುವುದೇ ಎಂಬ ಬಿಗುಮಾನದಲ್ಲಿ.

“ಆಗ ಯಾಕ ಹೇಳಲಿಲ್ಲ?”

“ಸಾಹೇಬರು ಭಾಳ ಓದ್ಯಾರ, ಈಗ ಬ್ಯಾರೆ ಕುರಿ ಬೇಕಾಗಿರಬೇಕು ಅಂದ್ಕೊಂಡೆ. ನಗಿ ಬಂತು, ನಕ್ಕೆ.”

ಹಿಂಡಿನತ್ತ ತಿರುಗಿ, “ಬಾರ ಕರಿಗಣ್ಣೀ!” ಎಂದು ಕೂಗಿದಳು. ನೂರು ತಲೆಗಳಲ್ಲಿ ಒಂದೇ ತಲೆ ಎದ್ದಿತು. ಓಡಿ ಬಂದ ಕುರಿ ಅವಳ ಮೊಣಕಾಲಿಗೆ ಮೂಗು ಒತ್ತಿತು. “ನೀವು ಮೂರು ತಿಂಗಳು ಚುಚ್ಚಿದ್ದು ಇದಕ್ಕ.”

ಅದರ ರಕ್ತ ತೆಗೆದೆ. ಆದರೂ ನಂಬಿಕೆ ಅರ್ಧವೇ. ಅವಳದೂ ಹಾಗೆಯೇ. “ರಕ್ತ ಎಲ್ಲಿ ಹೋಗತದ, ನಾನೂ ನೋಡತೀನಿ” ಎಂದು ಮೂರನೆಯ ದಿನ ತಂದೆಯೊಡನೆ ರಾಯಚೂರಿಗೇ ಬಂದಳು. ಪರಮಣ್ಣ ಹೊರಗೆ ಬೀಡಿ ಹಚ್ಚಿದ. ನಾನು ಕಿಟಕಿಯ ಬೆಳಕಿಗೆ ತಟ್ಟೆ ಹಿಡಿದೆ. ಇಬ್ಬರ ತಲೆಗಳೂ ಒಟ್ಟಿಗೇ ಬಾಗಿದವು.

ಗೆರೆ ಇತ್ತು.

“ತಪ್ಪಾತು, ಬೂದೆಮ್ಮ,” ಎಂದೆ. “ಇನ್ನೊಂದು ಸಲ ಜಾಲಹಳ್ಳಿಗೆ ಬಂದರ, ಕುರಿ ಕೇಳಾಕ ಬರಂಗಿಲ್ಲ. ನಿನ್ನ ಕೇಳಾಕ ಬರತೀನಿ.”

ಅವಳು ತಟ್ಟೆಯಿಂದ ಕಣ್ಣೆತ್ತಲಿಲ್ಲ. “ನನಗೂ ಬಣ್ಣ ಬಳದು ಗುರುತು ಇಡತೀರೇನು?”

“ಇಲ್ಲ. ಹೆಸರು ಹಿಡದು ಕೂಗತೀನಿ.”

“ಕೂಗ್ರಿ, ನೋಡೂಣು.”

ಕೂಗಿದೆ. ಆ ಓರೆನೋಟ ಮೊದಲ ಬಾರಿಗೆ ನೇರವಾಯಿತು.

ಕಥೆ ಇಲ್ಲಿಗೆ ಬಂದಾಗಲೆಲ್ಲ ಮೊಮ್ಮಗಳು ಅಡುಗೆಮನೆಯ ಬಾಗಿಲು ನೋಡುತ್ತಾಳೆ. ಅಲ್ಲಿ ಬಳೆಗಳ ಸದ್ದು ನಿಂತಿರುತ್ತದೆ.

“ಯಜ್ಜಾ, ಹೆಂಗ ಕೂಗಿದಿ? ಇನ್ನೊಮ್ಮೆ ಹೇಳು. ಅಜ್ಜಿಗೂ ಕೇಳಲಿ.”