ತಿನ್ನಬಾರದ ಹಸಿರು ಪೊಟ್ಟಣ

"ಕಾಪಿಗೆ ಇನ್ನೂ ಐದು ಗಂಟೆ ಬೇಕು ಅಂತ ತೋರಿಸ್ತಿದೆ ಬೋಕಾಯ್. ನನ್ನ ರೈಲು ಮೂರಕ್ಕೆ."

"ನೋಡ್ತಿದ್ದೀನಲ್ಲ."

"ನೀನು ನೋಡಿದ್ರೆ ಓಡುತ್ತಾ ಅದು?"

ನನಗೆ ಮೂಗಿನ ತುದಿಯಲ್ಲೇ ಕೋಪ. ತೈಚುಂಗ್‌ನ ಮದುವೆಗಳ ಫೋಟೊ, ವಿಡಿಯೊ ಮಾಡುವ ನಮ್ಮ ಸ್ಟುಡಿಯೊದಲ್ಲಿ ಎಲ್ಲರಿಗೂ ಅದು ಗೊತ್ತು. ನಾನು ಎಡಿಟ್ ಮಾಡಿದ ವಿಡಿಯೊಗಳನ್ನೆಲ್ಲ ಡಿಸ್ಕಿಗೆ ತುಂಬಿಕೊಂಡು ಸಂಜೆಯೊಳಗೆ ಕಾವ್‌ಶ್ಯುಂಗ್ ನಗರ ಮುಟ್ಟಬೇಕಿತ್ತು. ಅಲ್ಲಿ ಅವನ್ನು ತೋರಿಸಿದರೆ ಮಾತ್ರ ಹೊಸ ಕೆಲಸ.

ಸ್ಟುಡಿಯೊದ ಕಂಪ್ಯೂಟರ್‌ಗಳೆಲ್ಲ ಬೋಕಾಯ್‌ನ ಸುಪರ್ದಿ. ಬೆಳಗಿನಿಂದ ಬೇರೆ ಡಿಸ್ಕ್ ಹಾಕಿ ನೋಡಿದ, ವೈರಸ್ ಹುಡುಕಿದ, ಆಫ್ ಮಾಡಿ ಆನ್ ಮಾಡಿದ. ಕಾಪಿ ಎಷ್ಟಾಯಿತೆಂದು ತೋರಿಸುವ ಪರದೆಯ ಪಟ್ಟಿ ತೆವಳುತ್ತಲೇ ಇತ್ತು. ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ಕೆಲಸ ಬಿಟ್ಟು ಹೋಗುತ್ತೇನೆ ಎಂದು ನಾನು ಹೇಳಿದಾಗಿನಿಂದ ಹೀಗೇ. ಹೋಗು ಅನ್ನಲಿಲ್ಲ, ಇರು ಅನ್ನಲಿಲ್ಲ. ದಿನಾ ಮಧ್ಯಾಹ್ನ ತನ್ನ ಡಬ್ಬಿಯ ಮೊಟ್ಟೆಯನ್ನು ನನ್ನ ಡಬ್ಬಿಗೆ ದಾಟಿಸುವವನು ಬಾಯಿಗೆ ಬೀಗ ಹಾಕಿಕೊಂಡಿದ್ದ.

"ಬೇಕಂತಲೇ ಮಾಡಿದ್ದೀಯ. ನನಗೆ ರೈಲು ತಪ್ಪಲಿ ಅಂತ."

ಅವನ ಕಿವಿ ಕೆಂಪಾಯಿತು. "ನನ್ನ ಬಗ್ಗೆ ಇಷ್ಟೇನಾ ನಿನಗೆ ತಿಳಿದಿರೋದು, ಫೆನ್?"

"ತಿಳಿಸಿದ್ರೆ ತಾನೇ ತಿಳಿಯೋದು."

ಸಿಟ್ಟಿನಲ್ಲಿ ಮೇಜಿನ ಕೆಳಗೆ ನುಗ್ಗಿ ಸಿಪಿಯುವನ್ನು ದರದರ ಎಳೆದೆ. ಅದರ ಹಿಂದೆ, ಗೋಡೆಗೆ ಒರಗಿ, ಹಸಿರು ಪೊಟ್ಟಣವೊಂದು ಕೂತಿತ್ತು.

ಯಂತ್ರ ಕೈಕೊಡದಿರಲಿ ಎಂದು ನಮ್ಮ ಕಡೆಯವರೆಲ್ಲ ಹರಕೆಯ ಹಾಗೆ ಅದರ ಹತ್ತಿರ ಜೋಳದ ಕುರುಕಲಿನ ಪೊಟ್ಟಣ ಇಡುತ್ತೇವೆ. ಸರಿಯಾಗಿ ಓಡುವ ಯಂತ್ರದ ದೀಪದಂತೆ ಹಸಿರೇ ಆಗಬೇಕು, ತಾರೀಕು ಮೀರಿರಬಾರದು, ತಿನ್ನಲಂತೂ ಕೂಡದು. ಹೋದ ಸಲ ಸಿಪಿಯು ಮೇಲಿಟ್ಟಿದ್ದನ್ನು ಫೋಟೊ ತೆಗೆಯುವವರು ತಿಂದುಹಾಕಿದ್ದರು. ಅವತ್ತೇ ಯಂತ್ರ ಕೆಟ್ಟು ಮಲಗಿತು. ಇದು ಹೊಸದು, ಯಾರ ಕೈಗೂ ಸಿಗದಂತೆ ಹಿಂದೆ ಬಚ್ಚಿಟ್ಟದ್ದು. ಇದಕ್ಕೆ ಜಾಗ ಮಾಡಲು ಡಿಸ್ಕಿನ ವೈರನ್ನು ನೀಲಿ ಪೋರ್ಟಿನಿಂದ ಕಿತ್ತು ಹಳೇ ಕಪ್ಪು ಪೋರ್ಟಿಗೆ ಸಿಕ್ಕಿಸಿದ್ದರು. ವೇಗವೆಲ್ಲ ನೀಲಿಯದು, ಕಪ್ಪಿನದು ಆಮೆ ನಡಿಗೆ.

"ಇದನ್ನ ಇಟ್ಟಿದ್ದು ಯಾರು?"

"ನಾನೇ." ಅವನು ನೆಲ ನೋಡಿದ. "ನಿನ್ನ ಕಾಪಿ ಮುಗಿಯೋವರೆಗೂ ಹಟ ಮಾಡದೆ ಇರ್ಲಿ ಅಂತ. ವೈರನ್ನ ಕೈಯಾಡಿಸಿ ಸಿಕ್ಕಿಸಿದೆ, ಪೋರ್ಟಿನ ಬಣ್ಣ ನೋಡ್ಲಿಲ್ಲ."

"ನಾನು ತೊಲಗಲಿ ಅಂತ ಹರಕೆ ಹೊತ್ಯಾ?"

"ಹೋಗ್ಬೇಕು ಅಂದಿದ್ದು ನೀನು."

"ಕಂಪ್ಯೂಟರ್ ಹತ್ರ ಬೇಡ್ಕೊಳ್ಳೋಕೆ ಬರುತ್ತೆ. ನನ್ನ ಹತ್ರ ಬರಲ್ವಾ?"

ಅವನು ವೈರನ್ನು ನೀಲಿ ಪೋರ್ಟಿಗೆ ಹಾಕಿ, ಕಾಪಿಯನ್ನು ಮೊದಲಿನಿಂದ ಶುರುಮಾಡಿದ. ಅರ್ಧ ಗಂಟೆ ಎಂದು ತೋರಿಸಿತು. ರೈಲು ಸಿಗುತ್ತದೆ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಪೊಟ್ಟಣ ಎತ್ತಿ ಅವನ ಕಣ್ಣೆದುರೇ ಹರಿದೆ.

"ಏಯ್, ತಿನ್ನಬೇಡ. ಮಧ್ಯದಲ್ಲಿ ನಿಂತುಹೋದ್ರೆ?"

"ನಿಲ್ಲಲಿ." ಒಂದನ್ನು ಕಟುಮ್ಮನೆ ಕಡಿದೆ. "ಇನ್ನು ಬೇಡ್ಕೊಳ್ಳೋಕೆ ಇಲ್ಲಿ ನಾನೊಬ್ಬಳೇ ಉಳಿದಿರೋದು. ಹೇಳು."

ಅವನು ಪರದೆ ನೋಡಿದ, ಹರಿದ ಪೊಟ್ಟಣ ನೋಡಿದ. ಬೇರೆ ನೋಡುವುದಕ್ಕೆ ಏನೂ ಉಳಿಯದೆ ನನ್ನನ್ನು ನೋಡಿದ. ಆ ಕಣ್ಣುಗಳು ನಿದ್ದೆಗೆಟ್ಟಿದ್ದವು.

"ಇರು ಅಂತ ಹೇಳಲ್ಲ. ಆ ಕೆಲಸ ನಿನಗೆ ಸಿಗಬೇಕು. ಆದ್ರೆ ನೀನಂದ್ರೆ ನನಗೆ ತುಂಬಾ ಪ್ರೀತಿ, ಫೆನ್. ನೀನಿಲ್ಲದೆ ಊಟ ಸೇರಲ್ಲ. ರೈಲಲ್ಲಿ ನಾನೂ ಬರ್ಲಾ?"

"ಇಷ್ಟು ಹೇಳೋಕೆ ಇಷ್ಟು ದಿನ. ನೀನೂ ಕಪ್ಪು ಪೋರ್ಟೇ."

ಬೈಯುತ್ತಲೇ ಒಂದು ಕುರುಕಲನ್ನು ಅವನ ಬಾಯಿಗೆ ತುರುಕಿದೆ. ಬೆರಳಿಗೆ ಅವನ ತುಟಿ ತಾಗಿತು. ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಸ್ಟೇಷನ್‌ನಲ್ಲಿ ಹೊಸ ಪೊಟ್ಟಣ ತಗೋ," ಅಂದೆ. "ಅಲ್ಲಿನ ಕಂಪ್ಯೂಟರಿಗೆ ನೀನೇ ಇಡು. ವೈರ್ ಮಾತ್ರ ಮುಟ್ಟಬೇಡ."